ತೈಲದ ಒರತೆ ಬತ್ತುತ್ತಿದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಜಗತ್ತಿನ ತೈಲ ಪೂರೈಕೆ ಇಳಿಮುಖವಾಗುವ ಸಾಧ್ಯತೆಯ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಒಂದಾಗಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 1980ರ ಸುಮಾರಿಗೆ ‘ಇನ್ನು ಮೂವತ್ತು ವರ್ಷಕ್ಕೆ ತೈಲ ಮುಗಿಯುತ್ತದೆ’ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಆ ಮೂವತ್ತು ವರ್ಷ ಕಳೆದು ದಶಕವೇ ಮೀರಿತು. ಈಗ ಮೊಮ್ಮಗಳ ಪುಸ್ತಕದಲ್ಲಿ ‘ಐವತ್ತು ವರ್ಷಕ್ಕೆ ಸಾಕಾಗುವಷ್ಟಿದೆ’ ಎಂದಿದೆ. ನಾನು ಮಕ್ಕಳಿಗೆ ಸುಳ್ಳು ಹೇಳಿದೆನೇ?

ಉತ್ತರ: ನೀವು ಸುಳ್ಳು ಹೇಳಲಿಲ್ಲ. ಆ ಅಂಕಿಗೆ ಇಲ್ಲದ ಅರ್ಥವನ್ನು ಅಂದು ಬಹುತೇಕ ಎಲ್ಲರೂ ಅದಕ್ಕೆ ಹಚ್ಚಿದ್ದರು. ‘ಇಷ್ಟು ವರ್ಷಕ್ಕೆ ಸಾಕು’ ಎನ್ನುವುದು ಬರೀ ಒಂದು ಭಾಗಾಕಾರ. ಇಂದಿನ ಬೆಲೆಯಲ್ಲಿ, ಇಂದಿನ ತಂತ್ರಜ್ಞಾನದಿಂದ ಲಾಭದಾಯಕವಾಗಿ ಮೇಲೆತ್ತಬಹುದು ಎಂದು ದೃಢಪಟ್ಟ ತೈಲವನ್ನು ಈ ವರ್ಷದ ಬಳಕೆಯಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಈಗ ಜಗತ್ತಿನ ದೃಢಪಟ್ಟ ನಿಕ್ಷೇಪ ಸುಮಾರು 1.7 ಲಕ್ಷ ಕೋಟಿ ಬ್ಯಾರೆಲ್ ಎಂದು ಲೆಕ್ಕ ಹಾಕಲಾಗಿದೆ. ದಿನದ ಬಳಕೆ 10 ಕೋಟಿ ಬ್ಯಾರೆಲ್ ದಾಟಿದೆ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಭಾಗಿಸಿ ನೋಡಿದರೆ ಐವತ್ತರ ಆಸುಪಾಸಿಗೆ ಬರುತ್ತದೆ. ಬೆಲೆ ಏರಿದರೆ, ಹೊಸ ಕೊರೆತದ ವಿಧಾನ ಬಂದರೆ, ನಿನ್ನೆ ನಿಕ್ಷೇಪವೆಂದು ಎಣಿಸದೇ ಇದ್ದ ತೈಲ ಇಂದು ಪಟ್ಟಿಗೆ ಸೇರುತ್ತದೆ. ಆದ್ದರಿಂದ ಬಳಸುತ್ತ ಹೋದರೂ ಆ ಸಂಖ್ಯೆ ಕರಗದೆ, ಕೆಲವೊಮ್ಮೆ ಬೆಳೆದೂ ಬಿಡುತ್ತದೆ.

ಬೆಳೆದುದರಲ್ಲಿ ಎಲ್ಲವೂ ನೆಲದಡಿಯಲ್ಲಿ ಹೊಸದಾಗಿ ಸಿಕ್ಕಿದ್ದಲ್ಲ ಎಂಬುದನ್ನೂ ಹೇಳಬೇಕು. 1980ರ ದಶಕದ ನಡುವಿನಲ್ಲಿ, ಉತ್ಪಾದನೆಯ ಪಾಲನ್ನು ನಿಗದಿಪಡಿಸುವ ಚರ್ಚೆ ತೈಲ ರಫ್ತು ಮಾಡುವ ದೇಶಗಳ ಒಪೆಕ್ ಒಕ್ಕೂಟದಲ್ಲಿ ನಡೆದಿದ್ದಾಗ, ಕುವೈತ್ ತನ್ನ ನಿಕ್ಷೇಪದ ಅಂಕಿಯನ್ನು ಒಮ್ಮೆಲೇ ದೊಡ್ಡದು ಮಾಡಿ ಘೋಷಿಸಿತು; ಮುಂದಿನ ಕೆಲವೇ ವರ್ಷಗಳಲ್ಲಿ ಇರಾನ್, ಇರಾಕ್, ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಾ ಕೂಡ ಹಾಗೆಯೇ ಮಾಡಿದವು. ಅದಕ್ಕೆ ತಕ್ಕಷ್ಟು ದೊಡ್ಡ ಹೊಸ ಕ್ಷೇತ್ರಗಳೇನೂ ಆ ಅವಧಿಯಲ್ಲಿ ಪತ್ತೆಯಾಗಿರಲಿಲ್ಲ. ವೆನೆಜುವೆಲಾದ ಹೆಸರಿನಲ್ಲಿರುವ 30,000 ಕೋಟಿ ಬ್ಯಾರೆಲ್‌ಗಳಲ್ಲಿ ಬಹುಪಾಲು ಒರಿನೊಕೊ ಪ್ರದೇಶದ, ಡಾಂಬರಿನಷ್ಟು ಗಟ್ಟಿಯಾದ ಎಣ್ಣೆ. ಅದನ್ನು ತೆಳುಗೊಳಿಸದೆ ಕೊಳವೆಯಲ್ಲಿ ಹರಿಸುವುದೇ ಕಷ್ಟ.

ಆದ್ದರಿಂದ ಎಷ್ಟು ಉಳಿದಿದೆ ಎಂಬ ಪ್ರಶ್ನೆಗಿಂತ ದಿನಕ್ಕೆ ಎಷ್ಟು ಬರುತ್ತದೆ ಎಂಬ ಪ್ರಶ್ನೆ ಮುಖ್ಯ. ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಒರತೆ ತೋಡಿದವರಿಗೆ ಇದು ಗೊತ್ತು. ಅಡಿಯಲ್ಲಿ ನೀರು ಎಷ್ಟೇ ಇರಲಿ, ಅದು ಊರುವ ವೇಗಕ್ಕಿಂತ ಬೇಗ ಬಿಂದಿಗೆ ತುಂಬುವುದಿಲ್ಲ. ಸಾಲಿನಲ್ಲಿ ನಿಂತವರು ಹೆಚ್ಚಾದಷ್ಟೂ ಕಾಯುವ ಹೊತ್ತು ಬೆಳೆಯುತ್ತದೆ. ತೈಲವು ಒಂದು ದಿನ ಬೆಳಗಾಗುವಷ್ಟರಲ್ಲಿ ಮುಗಿದುಹೋಗುವುದಿಲ್ಲ, ಬಹುಶಃ ಎಂದೆಂದಿಗೂ ಪೂರ್ತಿ ಮುಗಿಯುವುದೂ ಇಲ್ಲ. ಊರುವ ವೇಗ ತಗ್ಗುವ ದಿನದ ಬಗ್ಗೆ ನಾವು ಮಾತನಾಡಬೇಕು.

ಪ್ರಶ್ನೆ: ಬಾವಿಯಲ್ಲಿ ಎಣ್ಣೆ ಇನ್ನೂ ಇರುವಾಗಲೇ ಉತ್ಪಾದನೆ ಕುಸಿಯುವುದೇಕೆ? ಇರುವುದನ್ನೆಲ್ಲ ಪಂಪು ಹಚ್ಚಿ ಎಳೆದುಕೊಳ್ಳಬಾರದೇ?

ಉತ್ತರ: ಈ ಪ್ರಶ್ನೆ ಕೇಳಿದವರಿಗೆ ನಾನು ಋಣಿ, ಇಡೀ ವಿಷಯದ ಕೀಲಿ ಇಲ್ಲಿದೆ. ನೆಲದಡಿಯಲ್ಲಿ ಎಣ್ಣೆಯ ಕೆರೆಯಾಗಲಿ ಗುಹೆಯಾಗಲಿ ಇಲ್ಲ. ಒಂದು ಇಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿ ಬೆಳಿಗ್ಗೆ ತೆಗೆಯಿರಿ. ಹೊರಮೈ ಒರೆಸಿದ ಮೇಲೆ ನೋಡಿದರೆ ಅದು ಬರೀ ಇಟ್ಟಿಗೆಯೇ. ಆದರೆ ತೂಗಿದರೆ ಮೊದಲಿಗಿಂತ ಭಾರ. ಕಣ್ಣಿಗೆ ಕಾಣದ ರಂಧ್ರಗಳಲ್ಲಿ ನೀರು ಕುಳಿತಿರುತ್ತದೆ. ತೈಲವೂ ಹೀಗೆಯೇ ಮರಳುಗಲ್ಲು, ಸುಣ್ಣಕಲ್ಲುಗಳ ಸೂಕ್ಷ್ಮ ರಂಧ್ರಗಳಲ್ಲಿ ಸಾವಿರಾರು ಅಡಿ ಆಳದಲ್ಲಿ, ಮೇಲಿನ ಬಂಡೆಯ ಭಾರಕ್ಕೆ ಸಿಕ್ಕಿ, ಅನಿಲ ಮತ್ತು ಉಪ್ಪುನೀರಿನ ಜೊತೆ ಒತ್ತಡದಲ್ಲಿ ಇರುತ್ತದೆ. ಬಾವಿ ಕೊರೆದಾಗ ಆ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ. ತೆಗೆದಷ್ಟೂ ಒತ್ತಡ ಇಳಿಯುತ್ತದೆ. ಆಗ ಪಕ್ಕದ ಬಾವಿಗಳ ಮೂಲಕ ನೀರನ್ನೋ ಅನಿಲವನ್ನೋ ಒಳಕ್ಕೆ ತುಂಬಿ ಒತ್ತಡ ಉಳಿಸಿಕೊಳ್ಳುತ್ತಾರೆ. ಕ್ರಮೇಣ ಆ ನೀರು ಎಣ್ಣೆಯನ್ನು ದಾಟಿ ಬಾವಿಯ ಬಾಯಿಗೆ ಬರತೊಡಗುತ್ತದೆ. ಹಳೆಯ ಕ್ಷೇತ್ರಗಳಲ್ಲಿ ಮೇಲೆ ಬರುವ ದ್ರವದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಆಗಿರುವುದು ಅಪರೂಪವಲ್ಲ. ಆ ನೀರನ್ನೂ ಎತ್ತಬೇಕು, ಬೇರ್ಪಡಿಸಬೇಕು, ಮತ್ತೆ ನೆಲಕ್ಕೆ ಇಳಿಸಬೇಕು. ಇದಕ್ಕೆಲ್ಲ ಖರ್ಚಾಗುವುದು ಹಣ ಮಾತ್ರವಲ್ಲ, ಶಕ್ತಿಯೂ ಹೌದು. ಜಗತ್ತಿನ ಸರಾಸರಿ ತೆಗೆದುಕೊಂಡರೆ ಬಂಡೆಯಲ್ಲಿದ್ದ ಎಣ್ಣೆಯ ಮೂರನೆಯ ಒಂದು ಭಾಗದಷ್ಟನ್ನು ಮಾತ್ರ ಮೇಲೆ ತರಲು ಸಾಧ್ಯವಾಗುತ್ತದೆ. ಉಳಿದದ್ದು ಕಲ್ಲಿಗೆ ಅಂಟಿಕೊಂಡೇ ಇರುತ್ತದೆ.

ಮೆಕ್ಸಿಕೊದ ಕಾಂತಾರೆಲ್ ಕ್ಷೇತ್ರದ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ರುಡೆಸಿಂಡೊ ಕಾಂತಾರೆಲ್ ಎಂಬ ಮೀನುಗಾರ ಸಮುದ್ರದ ಮೇಲೆ ಎಣ್ಣೆಯ ಪದರು ತೇಲುತ್ತಿರುವುದನ್ನು ಕಂಡು ತಿಳಿಸಿದ. 1976ರಲ್ಲಿ ಅಲ್ಲಿ ದೊರೆತ ಮಹಾ ಕ್ಷೇತ್ರಕ್ಕೆ ಅವನ ಹೆಸರನ್ನೇ ಇಟ್ಟರು. ಒತ್ತಡ ಇಳಿಯತೊಡಗಿದಾಗ, 2000ದಿಂದ ಅಪಾರ ಪ್ರಮಾಣದಲ್ಲಿ ಸಾರಜನಕವನ್ನು ಒಳಕ್ಕೆ ತುಂಬಿದರು. ಉತ್ಪಾದನೆ ಚಿಮ್ಮಿತು: 2004ರಲ್ಲಿ ದಿನಕ್ಕೆ ಸುಮಾರು 21 ಲಕ್ಷ ಬ್ಯಾರೆಲ್. ಆಗ ಅದು ಜಗತ್ತಿನ ಅತಿ ದೊಡ್ಡ ಕ್ಷೇತ್ರಗಳ ಸಾಲಿನಲ್ಲಿತ್ತು. ಅದಾದ ಎಂಟು ವರ್ಷಗಳಲ್ಲಿ ಅದು 5 ಲಕ್ಷಕ್ಕಿಂತ ಕೆಳಗಿಳಿಯಿತು. ತಂತ್ರಜ್ಞಾನವು ಎಣ್ಣೆಯನ್ನು ಬೇಗ ತೆಗೆಯಲು ನೆರವಾಯಿತು, ಆ ಬೇಗದ ಬೆಲೆಯನ್ನು ನಂತರದ ವರ್ಷಗಳು ತೆತ್ತವು. ತನ್ನ ಬಜೆಟ್ಟಿನ ದೊಡ್ಡ ಪಾಲನ್ನು ತೈಲದ ಆದಾಯದಿಂದಲೇ ತುಂಬಿಸುತ್ತಿದ್ದ ದೇಶಕ್ಕೆ ಅದೇನು ಸಣ್ಣ ಪೆಟ್ಟಲ್ಲ.

ಪ್ರಶ್ನೆ: ಹಬ್ಬರ್ಟ್ ಎಂಬ ವಿಜ್ಞಾನಿ ತೈಲದ ಉತ್ತುಂಗದ ಬಗ್ಗೆ ನುಡಿದ ಭವಿಷ್ಯ ಸುಳ್ಳಾಯಿತಲ್ಲ? ಹಾಗಿದ್ದೂ ಪ್ರತಿ ದಶಕಕ್ಕೊಮ್ಮೆ ಇದೇ ಭಯವನ್ನು ಹಬ್ಬಿಸುವುದು ಸರಿಯೇ?

ಉತ್ತರ: ಎಂ. ಕಿಂಗ್ ಹಬ್ಬರ್ಟ್ ಶೆಲ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಭೂವಿಜ್ಞಾನಿ. 1956ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ತೈಲೋದ್ಯಮದವರ ಸಭೆಯೊಂದರಲ್ಲಿ ಅವರು ಮಂಡಿಸಿದ ವಾದ ಸರಳವಾಗಿತ್ತು. ಒಂದು ಪ್ರದೇಶದ ತೈಲ ಉತ್ಪಾದನೆ ಸೊನ್ನೆಯಿಂದ ಹೊರಟು ಏರಿ, ಒಟ್ಟು ತೆಗೆಯಬಹುದಾದುದರಲ್ಲಿ ಅರ್ಧದಷ್ಟು ಮುಗಿಯುವ ಹೊತ್ತಿಗೆ ಉತ್ತುಂಗ ಮುಟ್ಟಿ, ಅಲ್ಲಿಂದ ಇಳಿಯುತ್ತದೆ ಎಂದರು. ಅಲಾಸ್ಕ ಮತ್ತು ಹವಾಯಿ ಬಿಟ್ಟು ಉಳಿದ ಅಮೆರಿಕದಲ್ಲಿ ಒಟ್ಟು 15,000 ಕೋಟಿ ಬ್ಯಾರೆಲ್ ಇದೆಯೆಂದುಕೊಂಡರೆ ಉತ್ತುಂಗ 1965ರ ಸುಮಾರಿಗೆ, 20,000 ಕೋಟಿ ಎಂದುಕೊಂಡರೆ 1970ರ ಸುಮಾರಿಗೆ ಬರುತ್ತದೆ ಎಂದು ಲೆಕ್ಕ ಕೊಟ್ಟರು. ಒಪ್ಪಿದವರು ಕಡಿಮೆ. ಆದರೆ 1970ರಲ್ಲಿ ದಿನಕ್ಕೆ ಸುಮಾರು 96 ಲಕ್ಷ ಬ್ಯಾರೆಲ್ ಮುಟ್ಟಿದ ಅಮೆರಿಕದ ಉತ್ಪಾದನೆ ಆಮೇಲೆ ಇಳಿಯತೊಡಗಿತು. ಅಲಾಸ್ಕದ ಪ್ರೂಡೊ ಬೇ ಎಂಬ ದೈತ್ಯ ಕ್ಷೇತ್ರದಿಂದ 1977ರಲ್ಲಿ ಎಣ್ಣೆ ಹರಿಯತೊಡಗಿದರೂ ಆ ಇಳಿಜಾರು ಸ್ವಲ್ಪ ಕಾಲ ತಡೆಯಿತೇ ಹೊರತು ನಿಲ್ಲಲಿಲ್ಲ. 2008ರ ಹೊತ್ತಿಗೆ ದಿನಕ್ಕೆ 50 ಲಕ್ಷ ಬ್ಯಾರೆಲ್‌ಗೆ ಬಂದಿತ್ತು.

ಅಲ್ಲಿಂದಾಚೆಗೆ ಹಬ್ಬರ್ಟ್ ಊಹಿಸದ ಘಟನೆ ನಡೆಯಿತು. ಶೇಲ್ ಎಂಬ ಬಿಗಿಯಾದ ಬಂಡೆಯಲ್ಲಿ ಬಾವಿಯನ್ನು ಅಡ್ಡಡ್ಡಲಾಗಿ ಮೈಲಿಗಟ್ಟಲೆ ಕೊರೆದು, ನೀರು, ಮರಳು, ರಾಸಾಯನಿಕಗಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ, ಬಂಡೆಯಲ್ಲಿ ಬಿರುಕು ಮೂಡಿಸಿ ಎಣ್ಣೆ ತೆಗೆಯುವ ವಿಧಾನ ವ್ಯಾಪಕವಾಯಿತು. 2018ರಲ್ಲಿ ಅಮೆರಿಕ ತನ್ನ 1970ರ ದಾಖಲೆಯನ್ನು ಮುರಿಯಿತು. ಈಗ ದಿನಕ್ಕೆ 1 ಕೋಟಿ 30 ಲಕ್ಷ ಬ್ಯಾರೆಲ್‌ನ ಮಟ್ಟದಲ್ಲಿದೆ. ಇಡೀ ಜಗತ್ತಿನ ಉತ್ತುಂಗ 2000ದ ಸುಮಾರಿಗೆ ಎಂದು ಹಬ್ಬರ್ಟ್ ಹೇಳಿದ್ದೂ ತಪ್ಪಾಯಿತು, ಏಕೆಂದರೆ ಒಟ್ಟು ತೈಲದ ಬಗ್ಗೆ ಅವರಿಟ್ಟುಕೊಂಡ ಅಂದಾಜೇ ತೀರ ಚಿಕ್ಕದಾಗಿತ್ತು. 1998ರಲ್ಲಿ ಕಾಲಿನ್ ಕ್ಯಾಂಪ್‌ಬೆಲ್ ಮತ್ತು ಜಾನ್ ಲಾಹೆರೇರ್ ಎಂಬ ಇಬ್ಬರು ಅನುಭವಿ ಭೂವಿಜ್ಞಾನಿಗಳು ಹತ್ತು ವರ್ಷದೊಳಗೆ ಸಾಂಪ್ರದಾಯಿಕ ತೈಲದ, ಅಂದರೆ ಮಾಮೂಲಿ ಬಾವಿಗಳಿಂದ ಬರುವ ಎಣ್ಣೆಯ, ಉತ್ಪಾದನೆ ಇಳಿಮುಖವಾಗುತ್ತದೆ ಎಂದು ಬರೆದರು. ಸಾಂಪ್ರದಾಯಿಕ ಕಚ್ಚಾ ತೈಲವು 2008ರ ಸುಮಾರಿಗೆ ಉತ್ತುಂಗ ಮುಟ್ಟಿತೆಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯೇ ಹತ್ತು ವರ್ಷಗಳ ನಂತರ ಹೇಳಿತು. ಅದು ಕಡಿದಾಗಿ ಕುಸಿಯಲಿಲ್ಲ, ಆದರೆ ಮೊದಲಿನಂತೆ ಏರಲೂ ಇಲ್ಲ. ಆಮೇಲಿನ ಬೆಳವಣಿಗೆಯೆಲ್ಲ ಶೇಲ್, ಕೆನಡಾದ ತೈಲಮರಳು (ಗಟ್ಟಿ ಎಣ್ಣೆ ಬೆರೆತ ಮರಳು), ನೈಸರ್ಗಿಕ ಅನಿಲದ ಜೊತೆ ಬರುವ ದ್ರವಗಳು, ಇಂಥ ಮೂಲಗಳಿಂದ ಬಂತು.

ಹಾಗಾದರೆ ಭವಿಷ್ಯ ಸುಳ್ಳೇ? ದಿನಾಂಕ ಸುಳ್ಳಾಯಿತು. ಒಂದೊಂದು ಕ್ಷೇತ್ರದ ಬಗ್ಗೆ ಅವರು ಹೇಳಿದ ನಡೆ ಮಾತ್ರ ಎಲ್ಲೆಡೆ ಕಣ್ಣಿಗೆ ಬಿದ್ದಿದೆ. ಉತ್ತರ ಸಮುದ್ರದಲ್ಲಿ ಬ್ರಿಟನ್ನಿನ ಉತ್ಪಾದನೆ 1999ರಲ್ಲಿ, ನಾರ್ವೆಯದು 2001ರಲ್ಲಿ ಉತ್ತುಂಗ ಮುಟ್ಟಿ ಇಳಿಯಿತು. ಎರಡೂ ಕಡೆ ಹಣ, ಪರಿಣತಿ, ಸ್ಥಿರ ಆಡಳಿತ ಯಾವುದಕ್ಕೂ ಕೊರತೆಯಿರಲಿಲ್ಲ. ಶೇಲ್ ಬಾವಿಯಂತೂ ಮೊದಲ ವರ್ಷದಲ್ಲೇ ತನ್ನ ಆರಂಭದ ಹರಿವಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಇದ್ದ ಮಟ್ಟವನ್ನು ಉಳಿಸಿಕೊಳ್ಳಲು ವರ್ಷವರ್ಷವೂ ಸಾವಿರಾರು ಹೊಸ ಬಾವಿಗಳನ್ನು ಕೊರೆಯುತ್ತಲೇ ಇರಬೇಕು. ಶೇಲ್ ನಮಗೆ ಒಂದೂವರೆ ದಶಕದ ಬಿಡುವು ಕೊಟ್ಟಿತು. ಆ ಬಿಡುವನ್ನೇ ತೈಲ ಎಂದೂ ಬತ್ತುವುದಿಲ್ಲ ಎಂಬುದಕ್ಕೆ ಪುರಾವೆಯೆಂದು ಓದುವವರೊಂದಿಗೆ ನನಗೆ ಸಹಮತವಿಲ್ಲ.

ಪ್ರಶ್ನೆ: ಇಳಿಕೆ ಎಂದರೆ ಎಷ್ಟರ ಮಟ್ಟಿನ ಇಳಿಕೆ? ಅಂದಾಜಾದರೂ ಕೊಡಬಹುದೇ?

ಉತ್ತರ: ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಸುಮಾರು 15,000 ತೈಲ ಮತ್ತು ಅನಿಲ ಕ್ಷೇತ್ರಗಳ ದಾಖಲೆಗಳನ್ನು ಪರಿಶೀಲಿಸಿ ವರದಿಯೊಂದನ್ನು ಪ್ರಕಟಿಸಿತು. ಉತ್ತುಂಗ ದಾಟಿದ ಸಾಂಪ್ರದಾಯಿಕ ತೈಲಕ್ಷೇತ್ರಗಳ ಉತ್ಪಾದನೆ ಸರಾಸರಿ ವರ್ಷಕ್ಕೆ ಶೇಕಡ 5.6ರಷ್ಟು ಇಳಿಯುತ್ತದೆ ಎಂದು ಅದು ಲೆಕ್ಕ ಹಾಕಿದೆ. ಸರಾಸರಿಯ ಒಳಗೆ ವ್ಯತ್ಯಾಸ ಬಹಳ: ಮಧ್ಯಪ್ರಾಚ್ಯದ ನೆಲದ ಮೇಲಿನ ಮಹಾ ಕ್ಷೇತ್ರಗಳಲ್ಲಿ ಇಳಿಕೆ ಶೇಕಡ 2ಕ್ಕಿಂತ ಕಡಿಮೆ, ಯುರೋಪಿನ ಕಡಲಿನ ಸಣ್ಣ ಕ್ಷೇತ್ರಗಳಲ್ಲಿ ಶೇಕಡ 15ಕ್ಕಿಂತ ಹೆಚ್ಚು. ಈಗಿರುವ ಕ್ಷೇತ್ರಗಳಲ್ಲಿ ಇನ್ನು ಹಣ ಹೂಡುವುದನ್ನು ಪೂರ್ತಿ ನಿಲ್ಲಿಸಿದರೆ ಪ್ರತಿ ವರ್ಷ ದಿನಕ್ಕೆ ಸುಮಾರು 55 ಲಕ್ಷ ಬ್ಯಾರೆಲ್‌ನಷ್ಟು ಪೂರೈಕೆ ಕಳೆದುಹೋಗುತ್ತದೆ. ಬ್ರೆಜಿಲ್ ಮತ್ತು ನಾರ್ವೆ ಎರಡನ್ನೂ ಕೂಡಿಸಿದಷ್ಟು ಉತ್ಪಾದನೆ ವರ್ಷಕ್ಕೊಮ್ಮೆ ಮಾಯವಾದಂತೆ. ತೈಲ ಮತ್ತು ಅನಿಲ ತೆಗೆಯಲು ಹೂಡುವ ಹಣದಲ್ಲಿ ಹತ್ತಿರ ಹತ್ತಿರ ಶೇಕಡ 90ರಷ್ಟು ಈ ಇಳಿಕೆಯನ್ನು ತುಂಬಿಕೊಡುವುದಕ್ಕೇ ಹೋಗುತ್ತಿದೆ. ಹೆಚ್ಚುವರಿ ಬೇಡಿಕೆಗೆಂದು ಉಳಿಯುವುದು ಹತ್ತನೆಯ ಒಂದು ಪಾಲು.

ಹೊಸ ಕ್ಷೇತ್ರಗಳು ಸಿಗುತ್ತಿಲ್ಲವೆಂದಲ್ಲ. ಗಯಾನಾದ ಕಡಲಿನಲ್ಲಿ 2015ರಲ್ಲಿ ದೊರೆತ ತೈಲ 2019ರ ಕೊನೆಗೇ ಹರಿಯತೊಡಗಿತು. ಅದು ಅಪರೂಪದ ವೇಗ. ಕಜಕಸ್ತಾನದ ಕಾಶಗಾನ್ ಕ್ಷೇತ್ರ ಪತ್ತೆಯಾದದ್ದು 2000ದಲ್ಲಿ. 2013ರಲ್ಲಿ ಉತ್ಪಾದನೆ ಆರಂಭವಾಗಿ ಕೆಲವೇ ವಾರಗಳಲ್ಲಿ, ಅನಿಲದಲ್ಲಿದ್ದ ಹೈಡ್ರೋಜನ್ ಸಲ್ಫೈಡ್ ಕೊಳವೆಗಳ ಉಕ್ಕನ್ನೇ ಸೀಳಿ, ಎಲ್ಲ ನಿಂತುಹೋಯಿತು. ಕೊಳವೆಗಳನ್ನು ಬದಲಿಸಿ ಮತ್ತೆ ಹರಿಸಲು 2016 ಬಂತು. ಸಾಂಪ್ರದಾಯಿಕ ಕ್ಷೇತ್ರಗಳ ಶೋಧ 1960ರ ದಶಕದಲ್ಲೇ ಉತ್ತುಂಗ ಮುಟ್ಟಿದೆ. ಇಂದು ಜಗತ್ತಿನ ಭಾರ ಹೊತ್ತಿರುವ ಸೌದಿ ಅರೇಬಿಯಾದ ಘವಾರ್ ಪತ್ತೆಯಾದದ್ದು 1948ರಲ್ಲಿ, ಕುವೈತಿನ ಬುರ್ಗಾನ್ 1938ರಲ್ಲಿ. ಘವಾರ್ ದಿನಕ್ಕೆ 50 ಲಕ್ಷ ಬ್ಯಾರೆಲ್ ಕೊಡುತ್ತದೆಂದು ಹೊರಗಿನವರು ಬಹುಕಾಲ ನಂಬಿದ್ದರು. 2019ರಲ್ಲಿ ಸಾಲಪತ್ರಗಳನ್ನು ಮಾರಲು ಹೊರಟ ಸೌದಿಯ ಸರ್ಕಾರಿ ತೈಲ ಕಂಪನಿ ಅರಾಮ್ಕೊ ತನ್ನ ದಾಖಲೆಯಲ್ಲಿ ಕೊಟ್ಟ ಗರಿಷ್ಠ ಸಾಮರ್ಥ್ಯ 38 ಲಕ್ಷ.

ಪ್ರಶ್ನೆ: ತೈಲ ಕಡಿಮೆಯಾದರೆ ರಸಗೊಬ್ಬರವೂ ನಿಂತುಹೋಗುತ್ತದೆಯೇ?

ಉತ್ತರ: ಯೂರಿಯಾ ತಯಾರಿಕೆಗೆ ಬೇಕಾದ ಅಮೋನಿಯಾವನ್ನು ಮುಖ್ಯವಾಗಿ ನೈಸರ್ಗಿಕ ಅನಿಲದಿಂದ, ಕೆಲವೆಡೆ ಕಲ್ಲಿದ್ದಲಿನಿಂದ ಮಾಡುತ್ತಾರೆ, ಕಚ್ಚಾ ತೈಲದಿಂದಲ್ಲ. ಆದರೆ ಗೊಬ್ಬರವನ್ನು ಹೊಲದವರೆಗೆ ಸಾಗಿಸುವುದು, ಉಳುವುದು, ಕೊಯ್ದದ್ದನ್ನು ಮಾರುಕಟ್ಟೆಗೆ ಒಯ್ಯುವುದು ಬಹುಪಾಲು ಡೀಸೆಲ್ಲಿನಿಂದಲೇ ನಡೆಯುತ್ತದೆ.

ಪ್ರಶ್ನೆ: ವಿದ್ಯುತ್ ವಾಹನಗಳು ಬರುತ್ತಿವೆ. ಪೂರೈಕೆ ಇಳಿಯುವ ಮೊದಲೇ ಬೇಡಿಕೆ ಇಳಿದರೆ ಚಿಂತೆ ಏಕೆ? ಹವಾಮಾನದ ದೃಷ್ಟಿಯಿಂದ ತೈಲ ಬೇಗ ಕಡಿಮೆಯಾಗುವುದೇ ಒಳ್ಳೆಯದಲ್ಲವೇ?

ಉತ್ತರ: ತೈಲವನ್ನು ಸುಡುವುದು ಬೇಗ ಕಡಿಮೆಯಾಗಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅದು ಹೇಗೆ ಕಡಿಮೆಯಾಗುತ್ತದೆ ಎಂಬುದೇ ನನ್ನ ಆತಂಕ. 2024ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ವಿದ್ಯುತ್ತಿನವು. ನಾರ್ವೆಯಲ್ಲಿ ಹತ್ತರಲ್ಲಿ ಒಂಬತ್ತರ ಹತ್ತಿರ. ಇದು ಸಣ್ಣ ಸಾಧನೆಯಲ್ಲ. ಆದರೆ ರಸ್ತೆಯ ಮೇಲೆ ಈಗಾಗಲೇ ಓಡುತ್ತಿರುವ ಕಾರುಗಳು ಇನ್ನೂ ಹತ್ತು ಹದಿನೈದು ವರ್ಷ ಓಡುತ್ತವೆ. ಲಾರಿ, ಹಡಗು, ವಿಮಾನಗಳ ಬದಲಾವಣೆ ಇನ್ನೂ ನಿಧಾನ. ಪ್ಲಾಸ್ಟಿಕ್ ಮತ್ತಿತರ ರಾಸಾಯನಿಕಗಳಿಗೆ ಬೇಕಾದ ತೈಲದ ಬೇಡಿಕೆ ಬೆಳೆಯುತ್ತಲೇ ಇದೆ.

ಒಂದು ಲೀಟರ್ ಡೀಸೆಲ್ ಅನ್ನು ಎದುರಿಗಿಟ್ಟುಕೊಂಡು ನೋಡಿದರೆ ಕಷ್ಟ ಅರ್ಥವಾಗುತ್ತದೆ. ಅದರಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿಯಿದೆ. ಗಟ್ಟಿಮುಟ್ಟಾದ ಆಳು ದಿನವಿಡೀ ದುಡಿದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಕೆಲಸ ಮಾಡಿಯಾನು. ಎಂಜಿನ್ನು ಆ ಶಕ್ತಿಯ ಮೂರನೆಯ ಎರಡು ಪಾಲನ್ನು ಬಿಸಿಯಾಗಿ ಹೊರಗೆ ಚೆಲ್ಲಿದರೂ, ಉಳಿದದ್ದು ಒಬ್ಬ ಮನುಷ್ಯನ ಐದಾರು ದಿನದ ದುಡಿಮೆಗೆ ಸಮ. ಇಷ್ಟು ಶಕ್ತಿಯನ್ನು ಒಂದು ಬಾಟಲಿಯಲ್ಲಿ ಹಿಡಿದು ನಡೆಯಬಹುದು ಎಂಬುದೇ ತೈಲದ ಆಕರ್ಷಣೆ. ಬ್ಯಾಟರಿ ಒಂದು ಕಿಲೋಗೆ ಅದರ ಹತ್ತಿರವೂ ಬರುವುದಿಲ್ಲ, ಆದರೆ ವಿದ್ಯುತ್ ಮೋಟರು ತನಗೆ ಕೊಟ್ಟದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಕೆಲಸವಾಗಿಸುತ್ತದೆ. ಕಾರಿಗೆ ಅದು ಸಾಕಾಗುತ್ತದೆ, ಸಾಗರ ದಾಟುವ ವಿಮಾನಕ್ಕೆ ಸಾಕಾಗುವುದಿಲ್ಲ.

ಈಗ ಎರಡು ಇಳಿಜಾರುಗಳನ್ನು ಊಹಿಸಿಕೊಳ್ಳಿ. ಬೇಡಿಕೆ ಪೂರೈಕೆಗಿಂತ ಬೇಗ ಇಳಿದರೆ ಬೆಲೆ ಕುಸಿಯುತ್ತದೆ. ತೈಲದ ಆದಾಯವನ್ನೇ ನಂಬಿದ ದೇಶಗಳು ಕಷ್ಟಕ್ಕೆ ಬೀಳುತ್ತವೆ, ಅಗ್ಗದ ತೈಲ ಬದಲಾವಣೆಯ ಆಸಕ್ತಿಯನ್ನೂ ಕುಗ್ಗಿಸುತ್ತದೆ. ಪೂರೈಕೆ ಬೇಗ ಇಳಿದರೆ ಬೆಲೆ ಚಿಮ್ಮುತ್ತದೆ. 1973ರ ಅಕ್ಟೋಬರ್‌ನಿಂದ ಕೆಲವೇ ತಿಂಗಳಲ್ಲಿ ಬ್ಯಾರೆಲ್ಲಿಗೆ 3 ಡಾಲರ್ ಇದ್ದದ್ದು 12ರ ಹತ್ತಿರ ಹೋದಾಗ, 2008ರ ಜುಲೈಯಲ್ಲಿ 147 ಡಾಲರ್ ಮುಟ್ಟಿದಾಗ, ಮೊದಲು ಬಳಕೆ ನಿಲ್ಲಿಸಿದವರು ಬಡದೇಶಗಳ ಬಡವರು. ಅವರು ಹವಾಮಾನದ ಕಾಳಜಿಯಿಂದ ನಿಲ್ಲಿಸಲಿಲ್ಲ, ಕೊಳ್ಳಲಾಗದೆ ನಿಲ್ಲಿಸಿದರು. ಇಂಥ ಇಳಿಕೆಯನ್ನು ‘ಒಳ್ಳೆಯದು’ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಅದಲ್ಲದೆ, ಹಗುರ ತೈಲ ದುಬಾರಿಯಾದಾಗ ಜಗತ್ತು ಗಾಳಿ ಬಿಸಿಲುಗಳತ್ತ ಮಾತ್ರ ತಿರುಗುತ್ತದೆಂಬ ಭರವಸೆಯಿಲ್ಲ. ತೈಲಮರಳು, ಕಲ್ಲಿದ್ದಲಿನಿಂದ ಮಾಡುವ ದ್ರವ ಇಂಧನ, ಇಂಥ ಇನ್ನೂ ಹೆಚ್ಚು ಇಂಗಾಲ ಉಗುಳುವ ಮೂಲಗಳತ್ತಲೂ ಕೈ ಚಾಚುತ್ತದೆ.

ತಯಾರಿ ಮಾಡಿಕೊಂಡರೆ ಇಳಿಕೆ ಸಹನೀಯವಾಗುತ್ತದೆ ಎಂಬುದಕ್ಕೂ ಅದೇ 1970ರ ದಶಕ ಸಾಕ್ಷಿ. 1973ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು ಕಾಲು ಭಾಗ ತೈಲ ಸುಟ್ಟು ಬರುತ್ತಿತ್ತು. ಇಂದು ಅದು ಶೇಕಡ 3ರ ಸುಮಾರಿಗೆ ಇಳಿದಿದೆ, ಮತ್ತು ಆ ಬದಲಾವಣೆ ಎಷ್ಟು ಸದ್ದಿಲ್ಲದೆ ನಡೆಯಿತೆಂದರೆ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಫ್ರಾನ್ಸ್ ಪರಮಾಣು ಸ್ಥಾವರಗಳನ್ನು ಕಟ್ಟಿತು, ಡೆನ್ಮಾರ್ಕ್ ಗಾಳಿಯಂತ್ರಗಳತ್ತ ಹೊರಳಿತು, ಬ್ರೆಜಿಲ್ 1975ರಲ್ಲಿ ಕಬ್ಬಿನ ಎಥನಾಲ್ ಯೋಜನೆ ಆರಂಭಿಸಿತು. 1974ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಸದಸ್ಯ ದೇಶಗಳು 90 ದಿನಗಳ ಆಮದಿಗೆ ಸಮನಾದ ತೈಲವನ್ನು ದಾಸ್ತಾನಿಡುವ ನಿಯಮ ಮಾಡಿಕೊಂಡವು. ಇವೆಲ್ಲಕ್ಕೂ ಹತ್ತು ಇಪ್ಪತ್ತು ವರ್ಷ ಹಿಡಿಯಿತು. ಅಷ್ಟು ಮುಂಗಡ ಸಮಯ ಈಗ ನಮ್ಮ ಕೈಯಲ್ಲಿದೆಯೆಂದು ನಂಬಿ, ಬಸ್ಸು, ರೈಲು, ವಿದ್ಯುತ್ ಜಾಲ, ಬ್ಯಾಟರಿಗಳಿಗೆ ಇಂದೇ ಹಣ ಹಾಕಬೇಕೆಂಬುದು ನನ್ನ ಕಳಕಳಿಯ ಅಭಿಪ್ರಾಯ.

ಪ್ರಶ್ನೆ: ನನ್ನ ಮಗನಿಗೆ ಪೆಟ್ರೋಲಿಯಂ ಎಂಜಿನಿಯರಿಂಗ್ ಓದುವ ಆಸೆ. ಇಳಿಯುತ್ತಿರುವ ಉದ್ಯಮಕ್ಕೆ ಅವನನ್ನು ಕಳುಹಿಸಲೇ?

ಉತ್ತರ: ತಾಯಿಯೊಬ್ಬರು ಬರೆದ ಈ ಪತ್ರಕ್ಕೆ ಯೋಚಿಸಿ ಉತ್ತರಿಸುತ್ತಿದ್ದೇನೆ. ಉತ್ತರ ಸಮುದ್ರದಲ್ಲಿ, ಶೆಟ್‌ಲ್ಯಾಂಡ್ ದ್ವೀಪಗಳ ಆಚೆ, ಬ್ರೆಂಟ್ ಎಂಬ ಕ್ಷೇತ್ರವಿದೆ. ಒಂದು ಜಾತಿಯ ಹೆಬ್ಬಾತಿನ ಹೆಸರು ಅದು. 1971ರಲ್ಲಿ ಪತ್ತೆಯಾಗಿ 1976ರಿಂದ ಎಣ್ಣೆ ಕೊಟ್ಟ ಅದರ ನಾಲ್ಕು ವೇದಿಕೆಗಳಲ್ಲಿ ಕೊನೆಯದು 2021ರಲ್ಲಿ ಉತ್ಪಾದನೆ ನಿಲ್ಲಿಸಿತು. 2017ರಲ್ಲಿ ಅವುಗಳಲ್ಲೊಂದರ 24,000 ಟನ್ ತೂಕದ ಮೇಲ್ಭಾಗವನ್ನು ಹಡಗೊಂದು ಒಂದೇ ಎತ್ತಿಗೆ ಕಾಲುಗಳಿಂದ ಬೇರ್ಪಡಿಸಿ, ಒಡೆಯಲೆಂದು ದಡಕ್ಕೆ ಸಾಗಿಸಿತು. ನೂರಕ್ಕೂ ಹೆಚ್ಚು ಬಾವಿಗಳನ್ನು ಒಂದೊಂದಾಗಿ ಸಿಮೆಂಟು ತುಂಬಿ ಮುಚ್ಚಿದರು. ಜಗತ್ತಿನ ತೈಲದ ಬೆಲೆಯನ್ನು ಇಂದಿಗೂ ‘ಬ್ರೆಂಟ್’ ಹೆಸರಿನಲ್ಲೇ ಹೇಳುತ್ತಾರೆ.

ಆ ಕೆಲಸಕ್ಕೂ ಎಂಜಿನಿಯರುಗಳೇ ಬೇಕಾದರು. ಜಗತ್ತಿನಾದ್ಯಂತ ಮುಚ್ಚಬೇಕಾದ ಬಾವಿಗಳು ಲೆಕ್ಕವಿಲ್ಲದಷ್ಟಿವೆ. ಸರಿಯಾಗಿ ಮುಚ್ಚದೆ ಬಿಟ್ಟವು ಮೀಥೇನ್ ಸೋರಿಸುತ್ತಿವೆ. ಭೂಮಿಯ ಒಡಲಿನ ಶಾಖದಿಂದ ವಿದ್ಯುತ್ ತೆಗೆಯುವವರಿಗೆ ಇದೇ ಕೊರೆತದ ವಿದ್ಯೆ ಬೇಕು, ಇಂಗಾಲದ ಡೈಆಕ್ಸೈಡನ್ನು ಬಂಡೆಯೊಳಗೆ ತುಂಬಿಡುವವರಿಗೆ ರಂಧ್ರಶಿಲೆಯ ಇದೇ ತಿಳಿವಳಿಕೆ ಬೇಕು. ನಿಮ್ಮ ಮಗನಿಗೆ ಬಂಡೆ, ಒತ್ತಡ, ಹರಿವುಗಳ ವಿಷಯದಲ್ಲಿ ನಿಜವಾದ ಆಸಕ್ತಿಯಿದ್ದರೆ ಓದಲಿ. ಆದರೆ ಭೂವಿಜ್ಞಾನವನ್ನೂ ಯಂತ್ರಶಾಸ್ತ್ರವನ್ನೂ ವಿಶಾಲವಾಗಿ ಕಲಿಸುವ ಕಡೆ ಸೇರಲಿ. ಇವತ್ತಿನ ಸಂಬಳದ ಪಟ್ಟಿ ನೋಡಿ ಆರಿಸಿಕೊಳ್ಳುವುದು ಬೇಡ, ಏಕೆಂದರೆ ತೈಲದ ಬೆಲೆ ಕುಸಿದಾಗಲೆಲ್ಲ ಈ ಉದ್ಯಮ ಸಾವಿರಾರು ಜನರನ್ನು ಮನೆಗೆ ಕಳುಹಿಸಿದೆ.